ಸೆರಾಮಿಕ್ಸ್ ಪಾಠ ಮಾಡಿ ಮಾಡಿ ಒಳಗಿನ ಸ್ಫೂರ್ತಿ ಬತ್ತಿದೆ. ಕೆಲಸ ಬಿಟ್ಟು ಪೂರ್ತಿ ಶಿಲ್ಪಕ್ಕೆ ಇಳಿಯಲೇ?

ಪ್ಲಾಸ್ಟಿಕ್ ಹೊದಿಸಿಟ್ಟ ಎರಡಡಿಯ ಮಣ್ಣಿನ ಅಕ್ಕಮಹಾದೇವಿಯ ಬಗ್ಗೆ, ‘ಮುಖ ತಾನಾಗಿಯೇ ಬಂತು, ಇನ್ನು ಕೈ ಹಚ್ಚಲು ಭಯ’ ಎಂದು ನೀವು ಬರೆದ ಸಾಲು ಓದಿ ಎದೆ ಧಸಕ್ಕೆಂದಿತು. ನಾನೂ ಆರು ವರ್ಷ ಶಾಲೆಯಲ್ಲಿ ಸೆರಾಮಿಕ್ಸ್ ಕಲಿಸಿ, ಮಕ್ಕಳ ಗದ್ದಲದಲ್ಲಿ ಒಳಗಿನದೆಲ್ಲ ಸೋರಿಹೋಗುತ್ತಿದೆ ಅನ್ನಿಸಿ ರಾಜೀನಾಮೆ ಕೊಟ್ಟವನು. ಕೊಟ್ಟ ಮೇಲೆ ಕೈಗೆತ್ತಿಕೊಂಡದ್ದು ಕಣ್ಣುಮುಚ್ಚಿ ಕೂತ ಒಬ್ಬ ಶರಣನ ಆಕೃತಿ. 75 ಸೆಂ.ಮೀ. ಎತ್ತರ, ಹೆಚ್ಚು ಬಿಸಿಯಲ್ಲಿ ಸುಡುವ ಸ್ಟೋನ್‌ವೇರ್ ಮಣ್ಣು. ಮಣ್ಣು ಸುಡುವ ಗೂಡಿನ, ಅಂದರೆ ಕಿಲ್ನ್‌ನ ಒಳಗೆ ಅದು 2 ಗಂಟೆ ಕೂಡ ಉಳಿಯಲಿಲ್ಲ.

ಆ ತಪ್ಪನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೀಗ ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ಆಕೃತಿಯನ್ನು ಒಳಗೆ ಟೊಳ್ಳಿಲ್ಲದಂತೆ ಗಟ್ಟಿಯಾಗಿ ಕಟ್ಟಿದ್ದೆ. ಹಾಗೆ ಕಟ್ಟುವುದರಲ್ಲಿ ದೋಷವಿಲ್ಲ. ಮಣ್ಣು ಲೆದರ್ ಹಾರ್ಡ್ ಹದಕ್ಕೆ ಬಂದಾಗ, ಅಂದರೆ ಬೆರಳೊತ್ತಿದರೆ ತಗ್ಗು ಬೀಳುವುದಿಲ್ಲ ಆದರೆ ಚಾಕುವಿಗೆ ಸಲೀಸಾಗಿ ಸಿಗುತ್ತದೆ ಅನ್ನುವಾಗ, ತಂತಿಯಿಂದ ಕತ್ತರಿಸಿ ಒಳಗಿನ ಮಣ್ಣು ತೋಡಿ ಮತ್ತೆ ಕೂಡಿಸಬೇಕು. ನಾನು ತಳದಿಂದ ಕೈ ಹೋಗುವಷ್ಟು, ಹೊಟ್ಟೆಯವರೆಗೆ ಮಾತ್ರ ತೋಡಿದೆ. ಎದೆ, ಕತ್ತು, ತಲೆ ಹಾಗೇ ಉಳಿದವು. ಮುಖ ಅಷ್ಟು ಚೆನ್ನಾಗಿ ಬಂದಿತ್ತು. ಆ ಕತ್ತಿಗೆ ತಂತಿ ಹಾಕುವುದು ಅಪಚಾರ ಅನ್ನಿಸಿತು. ಧ್ಯಾನದಲ್ಲಿ ಮೂಡಿದ್ದನ್ನು ಕೊಯ್ಯಬಾರದು ಎಂದು ನನಗೆ ನಾನೇ ನೇಮ ಹಾಕಿಕೊಂಡೆ. ಹಾಗಾಗಿ ಮಂಡಿಯ ಬಳಿ 2 ಸೆಂ.ಮೀ. ದಪ್ಪ, ಎದೆಯ ಬಳಿ 10 ಸೆಂ.ಮೀ.

ಜುಲೈ ತಿಂಗಳು, ಬೆಂಗಳೂರಿನ ಜಿಟಿಜಿಟಿ ಮಳೆ. 18 ದಿನ ಒಣಗಿಸಿದೆ. ಮೇಲ್ಮೈ ಬಿಳಿಚಿಕೊಂಡಿತ್ತು, ಒಣಗಿದೆ ಅಂದುಕೊಂಡೆ. ಒಣಗಿದ್ದು ಹೊರಗಿನ ಸಿಪ್ಪೆಯಷ್ಟೇ. ಬಾಡಿಗೆಗೆ ಪಡೆದ ಎಲೆಕ್ಟ್ರಿಕ್ ಕಿಲ್ನ್‌ನಲ್ಲಿಟ್ಟು ಗಂಟೆಗೆ 100 ಡಿಗ್ರಿ ಸೆಲ್ಸಿಯಸ್‌ನಂತೆ ಏರಿಸಿದೆ. ದಪ್ಪ ಮಣ್ಣಿನ ಒಳಗಿನ ಬಿಸಿ ಯಾವಾಗಲೂ ಮೀಟರ್ ತೋರಿಸುವ ಬಿಸಿಗಿಂತ ಹಿಂದೆ ಇರುತ್ತದೆ. ಮೀಟರ್ 180 ದಾಟುವ ಹೊತ್ತಿಗೆ ಎದೆಯೊಳಗಿನ ತೇವ ಕುದಿಯಲು ಶುರುವಾಯಿತು. ಒಂದು ಚಮಚ ನೀರು ಹಬೆಯಾದರೆ 8 ಲೀಟರಿನಷ್ಟು ಜಾಗ ಬೇಡುತ್ತದೆ, 10 ಸೆಂ.ಮೀ. ಮಣ್ಣನ್ನು ತೂರಿಕೊಂಡು ಅಷ್ಟು ಹಬೆ ಹೊರಬರಲು ದಾರಿಯೆಲ್ಲಿ? ಧಪ್ ಎಂದು ಒಂದೇ ಸದ್ದು. ಮರುದಿನ ಬಾಗಿಲು ತೆಗೆದರೆ ಪೀಠ, ಪಾದ, ಮಂಡಿ ಹಾಗೇ ಇದ್ದವು, ಕಾಲ್ಬೆರಳ ಉಗುರೂ ಮುಕ್ಕಾಗಿರಲಿಲ್ಲ. ಹೊಟ್ಟೆಯಿಂದ ಮೇಲಿನದೆಲ್ಲ ಚೂರು. ಮೂಗು ಮತ್ತು ಒಂದು ರೆಪ್ಪೆ ಇದ್ದ ಅಂಗೈಯಗಲದ ತುಂಡು ಮೂಲೆಯಲ್ಲಿ ಸಿಕ್ಕಿತು. ಬಿಸಿಯಾಗುವ ತಂತಿಸುರುಳಿ, ಅಂದರೆ ಕಾಯಿಲ್, ಕೂರುವ ಇಟ್ಟಿಗೆಯ ಅಂಚು ಮೂರು ಕಡೆ ಮುರಿದಿತ್ತು. ಕೂಡಿಟ್ಟ ಹಣ ಆ ದುರಸ್ತಿಗೆ ಹೋಯಿತು.

‘ಗಾಳಿಗುಳ್ಳೆ ಇತ್ತೇನೋ’ ಎಂದು ನೋಡಿದವರೆಲ್ಲ ಹೇಳಿದರು. ಮಕ್ಕಳಿಗೆ ನಾನೂ ಅದನ್ನೇ ಹೇಳಿಕೊಡುತ್ತಿದ್ದೆ, ಅದು ಸುಳ್ಳು. ಪೂರ್ತಿ ಒಣಗಿದ ಮಣ್ಣಿನಲ್ಲಿ ಗುಳ್ಳೆಯಿದ್ದರೂ ಸಿಡಿಯುವುದಿಲ್ಲ. ತೇವವಿದ್ದರೆ ಒಂದೂ ಗುಳ್ಳೆಯಿಲ್ಲದ ಮಣ್ಣೂ ಸಿಡಿಯುತ್ತದೆ. ನೀವು ಇನ್ನೂ ಗುಳ್ಳೆಯ ಕಥೆ ಹೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ, ತೇವದ ಬಗ್ಗೆ ಹೇಳಿ.

ಈಗ ನಾನು ಮಾಡುವ ಕ್ರಮ ಇದು. ಮಣ್ಣಿಗೆ 20ರಿಂದ 25 ಶೇಕಡಾ ಗ್ರಾಗ್ ಸೇರಿಸುತ್ತೇನೆ. ಸುಟ್ಟು ಪುಡಿಮಾಡಿದ ಆ ಮಣ್ಣಿನ ಹರಳುಗಳ ಸುತ್ತಲಿನ ಸಂದುಗಳಲ್ಲಿ ತೇವ ಹೊರಗೆ ಹೋಗುತ್ತದೆ, ಕುಗ್ಗುವಿಕೆಯೂ ಕಡಿಮೆ. ಲೆದರ್ ಹಾರ್ಡ್ ಆದಾಗ ಕತ್ತಿನ ಬುಡದಲ್ಲಿ ಒಂದು, ತಲೆಯ ಹಿಂಭಾಗದಲ್ಲಿ ಒಂದು ಕೊಯ್ತ. ಕೊಯ್ಯುವ ಮುಂಚೆ ಸೀಳಿಗೆ ಅಡ್ಡಲಾಗಿ ಮೂರು ಕಡೆ ಗೀರು ಹಾಕಿಕೊಳ್ಳಿ, ಮತ್ತೆ ಕೂಡಿಸುವಾಗ ಗೀರಿಗೆ ಗೀರು ಸೇರಿದರೆ ಮುಖ ವಾಲುವುದಿಲ್ಲ. ತುದಿಯಲ್ಲಿ ತಂತಿಯ ಬಳೆಯಿರುವ ಲೂಪ್ ಟೂಲ್‌ನಿಂದ ಎಲ್ಲ ಕಡೆ ಒಂದೇ ಸಮ, ಒಂದೂವರೆ ಸೆಂ.ಮೀ. ಉಳಿಯುವಂತೆ ತೋಡಿ. ಎಷ್ಟು ತೆಳು ಅನ್ನುವುದಕ್ಕಿಂತ ಎಷ್ಟು ಸಮ ಅನ್ನುವುದೇ ಇಲ್ಲಿ ಮುಖ್ಯ. ದಪ್ಪ ಮತ್ತು ತೆಳು ಸೇರುವ ಗಡಿಯಲ್ಲೇ ಬಿರುಕು ಶುರುವಾಗುವುದು. ಅಂಚುಗಳನ್ನು ಗೀಚಿ, ಅದೇ ಮಣ್ಣನ್ನು ನೀರಲ್ಲಿ ಕಲಸಿದ ಸ್ಲಿಪ್ ಹಚ್ಚಿ, ಒತ್ತಿ ಕೂಡಿಸಿ. ಸೀಳಿನುದ್ದಕ್ಕೂ ತೆಳು ಮಣ್ಣಿನ ಎಳೆಯಿಟ್ಟು ಮರದ ಉಪಕರಣದಿಂದ ತೀಡಿ. ತಲೆಯ ಟೊಳ್ಳಿಗೂ ಎದೆಯ ಟೊಳ್ಳಿಗೂ ನಡುವೆ ದಾರಿ ಇರಲಿ, ತಳ ತೆರೆದಿರಲಿ. ಆಮೇಲೆ ಮೂರು ದಿನ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿಡಿ, ಹೊಸ ಮಣ್ಣಿನ ತೇವವೂ ಹಳೆಯದರ ತೇವವೂ ಒಂದಾಗಬೇಕು.

ಒಣಗುವಾಗಲೇ ಎರಡಡಿಯ ಆಕೃತಿ 3 ಸೆಂ.ಮೀ.ನಷ್ಟು ಕುಗ್ಗುತ್ತದೆ. ಪೀಠದ ಕೆಳಗೆ ತೆಳುವಾಗಿ ಮರಳು ಹರಡಿದರೆ ಜಾರಿಕೊಂಡು ಕುಗ್ಗುತ್ತದೆ. ಹಲಗೆಗೆ ಅಂಟಿದರೆ ತಳ ಸೀಳುತ್ತದೆ. ಒಣಗಿತೇ ಎಂದು ಬಣ್ಣ ನೋಡಿ ನಿರ್ಧರಿಸಬೇಡಿ. ತೂಗಿ. ಎರಡು ದಿನದ ಅಂತರದಲ್ಲಿ ತೂಕ ಒಂದೇ ಬಂದರೆ ಕಿಲ್ನ್‌ಗೆ. ಮಳೆಗಾಲದಲ್ಲಿ ಆಗಲೂ ಸ್ವಲ್ಪ ತೇವ ಉಳಿದಿರುತ್ತದೆ, ಅದಕ್ಕೇ 85 ಡಿಗ್ರಿಯಲ್ಲಿ, ಮುಚ್ಚಳ ಎರಡಿಂಚು ಎತ್ತಿ, ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಕಿಂಡಿಗೆ ತಣ್ಣನೆಯ ಕನ್ನಡಿ ಹಿಡಿದರೆ ಮಬ್ಬಾಗಬಾರದು. ಮಬ್ಬಾದರೆ ಇನ್ನೂ ನಾಲ್ಕು ಗಂಟೆ. ಅಲ್ಲಿಂದ 600 ಡಿಗ್ರಿಯವರೆಗೆ ಗಂಟೆಗೆ 50 ಮೀರಬಾರದು. 573ರಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಎಂಬ ಖನಿಜ ಹಠಾತ್ ಹಿಗ್ಗುತ್ತದೆ, ಇಳಿಯುವಾಗ ಅಲ್ಲೇ ಕುಗ್ಗುತ್ತದೆ. 600 ದಾಟಿದ ಮೇಲೆ ಗಂಟೆಗೆ 100ರಂತೆ 980ರವರೆಗೆ.

ಇನ್ನು ನಿಮ್ಮ ಪ್ರಶ್ನೆ. ಪಾಠ ಸ್ಫೂರ್ತಿಯನ್ನು ತಿನ್ನುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ‘ಹೆಬ್ಬೆರಳಿಗಿಂತ ದಪ್ಪ ಬೇಡ’ ಎಂದು ವಾರಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ ಬಾಯಿ ನನ್ನದೇ. ತರಗತಿ ಬಿಟ್ಟು ನಾಲ್ಕೇ ತಿಂಗಳಲ್ಲಿ, ನನ್ನ ಕೆಲಸ ದೈವಿಕ ಅನ್ನುವ ಭಾವದಲ್ಲಿ ಆ ಮಾತು ಮರೆತೆ. ಮುಂದೆ ಕೂತ ಹುಡುಗಿಯೊಬ್ಬಳು ‘ಸರ್, ಇದರೊಳಗೆ ಟೊಳ್ಳಿದೆಯಾ?’ ಎಂದು ಕೇಳಿದ್ದರೆ ಸಾಕಿತ್ತು.

ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಬರುತ್ತಾನಲ್ಲ, ಗಡಿಗೆ ಬಾರಿಸುತ್ತ ಕುಣಿದವನು, ಅವನ ಕುಣಿತಕ್ಕೆ ಶಿವನೇ ಇಳಿದುಬಂದು ಕುಣಿದ. ಸುಟ್ಟ ಗಡಿಗೆಯನ್ನು ಕುಂಬಾರರು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಸರಿಯಿದ್ದರೆ ಠಣ್ ಅನ್ನುತ್ತದೆ, ಕೂದಲೆಳೆಯ ಬಿರುಕಿದ್ದರೆ ಬೊಡ್ಡು ಸದ್ದು. ಗುಂಡಯ್ಯನ ಭಕ್ತಿಯ ತಾಳ ಗಡಿಗೆ ಪರೀಕ್ಷಿಸುವ ಅದೇ ಬಡಿತದಿಂದ ಹುಟ್ಟಿತು ಎಂದೇ ನಾನು ಓದಿಕೊಳ್ಳುತ್ತೇನೆ. ನೀವು ಬತ್ತಿದೆ ಅನ್ನುವ ಸ್ಫೂರ್ತಿ ನನಗೆ ಕಾಣುವುದು ಅಲ್ಲಿ, ಆ ಸದ್ದಿಗೆ ಕಿವಿ ಕೊಡುವುದರಲ್ಲಿ.

ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿಯನ್ನು ಸೆರಾಮಿಕ್ ಕಲಾವಿದರಾದ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಶುರು ಮಾಡಿದರು. ಮೀಕರ್ ಅಲ್ಲಿ ದಶಕಗಳ ಕಾಲ ವಿದ್ಯಾರ್ಥಿಗಳಿಗೆ ಕಲಿಸುತ್ತಲೇ ಆಳೆತ್ತರದ ಶಿಲ್ಪಗಳನ್ನೂ ಮಾಡಿದರು, ಇಡೀ ಮಣ್ಣಿನ ಮನೆಗಳನ್ನೇ ಸುಟ್ಟು ಗಟ್ಟಿ ಮಾಡಿದರು. ಕಲಿಸುವುದು ಅಡ್ಡಿಯಾಗುವಂತಿದ್ದರೆ ಅಷ್ಟು ದೊಡ್ಡ ಕೆಲಸ ಆ ಅಂಗಳದಲ್ಲಿ ಆಗುತ್ತಿರಲಿಲ್ಲ. ನಾನು ವಾಪಸ್ ಕಲಿಸಲು ಸೇರಿದೆ, ವಾರಕ್ಕೆ ನಾಲ್ಕು ದಿನ. ಮಕ್ಕಳ ಬಟ್ಟಲುಗಳ ನಡುವೆ ನನ್ನದೊಂದು ಶಿಲ್ಪ ಇಟ್ಟರೆ ಕಿಲ್ನ್ ತುಂಬುತ್ತದೆ. ಒಂದೇ ಶಿಲ್ಪಕ್ಕೆ ಕರೆಂಟ್ ಸುಡುವ ಸಂಕಟವೂ ಇಲ್ಲ. ನಿಮ್ಮ ಶಾಲೆ ಒಪ್ಪಿದರೆ ನಾಲ್ಕು ದಿನ ಕೇಳಿ. ಒಪ್ಪದಿದ್ದರೂ ಈ ವರ್ಷ ಬಿಡಬೇಡಿ.

ಅದಕ್ಕಿಂತ ಮೊದಲು ಇವತ್ತು ರಾತ್ರಿ ಅಕ್ಕನ ಪ್ಲಾಸ್ಟಿಕ್ ತೆಗೆದು, ಬೆನ್ನಿಗೆ ಉದ್ದದ ಸೂಜಿ ಚುಚ್ಚಿ ನೋಡಿ. 2 ಸೆಂ.ಮೀ. ದಾಟಿಯೂ ಟೊಳ್ಳು ಸಿಗದಿದ್ದರೆ ತಂತಿ ಕೈಗೆತ್ತಿಕೊಳ್ಳಿ. ಅಕ್ಕನಿಗೆ ಮೈಮುಚ್ಚುವಷ್ಟು ತಲೆಗೂದಲಿದೆ. ಕಿವಿಯ ಹಿಂದಿನಿಂದ ಶುರುಮಾಡಿ ಆ ಕೂದಲ ಎಳೆಗಳ ಗುಂಟವೇ ಕೊಯ್ದರೆ ಕೂಡಿಸಿದ ಮೇಲೆ ಸೀಳು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಖವನ್ನು ಮೆತ್ತನೆಯ ಸ್ಪಂಜಿನ ಮೇಲೆ ಬೋರಲಾಗಿ ಮಲಗಿಸಿ ತೋಡಿ, ಮೂಗಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ.