ಪೀ ಪಫರ್ ಮೀನಿಗೆ ತಿನ್ನಿಸಲು ಬಸವನಹುಳು ಸಾಕಬೇಕು. ಯಾವ ಟ್ಯಾಂಕ್ ತಗೊಳ್ಳಲಿ? ಬೇಗ ಮರಿ ಮಾಡಲು ಏನು ಹಾಕಲಿ? ಕೆರೆಯಿಂದ ಹಿಡಿದು ತರಬಹುದಾ?

ಟ್ಯಾಂಕೂ ಬೇಡ, ಬೇಗ ಮರಿ ಮಾಡಿಸುವ ಉಪಾಯವೂ ಬೇಡ. ಉಳಿದವರೆಲ್ಲ ಈ ಹುಳು ಮರಿ ಮಾಡದಿದ್ದರೆ ಸಾಕಪ್ಪ ಅಂತ ಒದ್ದಾಡುತ್ತಿರುತ್ತಾರೆ. ನಾನೂ ಮೊದಲು ಪಫರ್ ತಂದಾಗ ನಿಮ್ಮ ಹಾಗೇ ತಲೆಕೆಡಿಸಿಕೊಂಡಿದ್ದೆ. ಒಣ ಆಹಾರವನ್ನು ಅದು ಮೂಸಿಯೂ ನೋಡಲಿಲ್ಲ. ಹುಳು ಬಿಟ್ಟರೆ ಮಾತ್ರ ಒಂದು ಕಣ್ಣು ಅತ್ತ, ಒಂದು ಕಣ್ಣು ಇತ್ತ ತಿರುಗಿಸುತ್ತಾ ಹತ್ತಿರ ಬಂದು, ಹುಳು ಚಿಪ್ಪಿನಿಂದ ಮೈ ಹೊರಗೆ ಹಾಕುವ ತನಕ ಕಾದು, ಟಕ್ಕಂತ ಕಚ್ಚಿ ಎಳೆಯುತ್ತಿತ್ತು.

ಅಂಗಡಿಯಿಂದ ತಂದ ಗಿಡದ ಎಲೆ ಕೆಳಗೆ ಲೋಳೆಯಲ್ಲಿ ಅಂಟಿಕೊಂಡು ಬಂದ ಮೊಟ್ಟೆಗಳೇ ನನ್ನ ಬಂಡವಾಳ. ರಾಮ್ಸ್‌ಹಾರ್ನ್ ಜಾತಿ. ಗಂಡು ಹೆಣ್ಣು ಹುಡುಕುವ ತಾಪತ್ರಯ ಇಲ್ಲ, ಒಂದೇ ಹುಳುವಿನಲ್ಲಿ ಎರಡೂ ಇರುತ್ತದೆ. ಬಾಲ್ಕನಿಯಲ್ಲಿ ಹಳೇ ಪ್ಲಾಸ್ಟಿಕ್ ಟಬ್, ಬಿಸಿನೀರಲ್ಲಿ ಬಾಡಿಸಿದ ಪಾಲಕ್, ಸೌತೆಕಾಯಿ ಚೂರು, ಅಷ್ಟೇ. ಚಿಪ್ಪಿನ ಮೇಲೆ ಬಿಳಿ ಗುಳಿ ಬಿದ್ದರೆ ಸುಣ್ಣದ ಅಂಶ ಸಾಲದು ಅಂತ ಅರ್ಥ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ.

ನಾನು ಕೆಟ್ಟಿದ್ದು ನೀರಿನಲ್ಲಿ. ಮೀನಿನ ಟ್ಯಾಂಕಿನ ಹಳೇ ನೀರನ್ನು ಚೆಲ್ಲದೆ ಹುಳುವಿನ ಟಬ್ಬಿಗೆ ಸುರಿಯುತ್ತಿದ್ದೆ. ಸುಮಾರು ಜನ ಹಾಗೇ ಮಾಡುತ್ತಾರೆ. ಕ್ಲೋರಿನ್ ಚಿಂತೆ ಇಲ್ಲ, ಕಸವೂ ಹುಳುವಿಗೆ ಊಟ. ಒಂದು ಸಲ ಮೀನಿಗೆ ಬಿಳಿ ಚುಕ್ಕೆ ರೋಗ ಬಂತು. ಅಂಗಡಿಯವರು ಕೊಟ್ಟ ಔಷಧಿ ಹಾಕಿದೆ, ಮೀನು ಚೇತರಿಸಿಕೊಂಡಿತು. ಆಮೇಲೆ ನೀರು ಬದಲಿಸುವಾಗ ರೂಢಿಯಂತೆ ಬಕೆಟ್ ಎತ್ತಿ ಟಬ್ಬಿಗೆ ಸುರಿದುಬಿಟ್ಟೆ. ಬೆಳಿಗ್ಗೆ ನೋಡಿದರೆ ಟಬ್ಬಿನ ಗೋಡೆ ಖಾಲಿ. ಹುಳುಗಳೆಲ್ಲ ತಳದಲ್ಲಿ, ಅರ್ಧ ಮೈ ಚಿಪ್ಪಿನ ಹೊರಗೆ ಜೋತುಬಿದ್ದು, ಆ ನಾತವೋ! ಬಾಟಲಿ ತಿರುಗಿಸಿ ಓದಿದರೆ ಕಾಪರ್ ಸಲ್ಫೇಟ್. ಮೈಲುತುತ್ತ ಕಣ್ರೀ! ನಾನು ಅಡಿಕೆ ತೋಟದ ಮನೆಯವನು, ಮಳೆಗಾಲ ಬಂತೆಂದರೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯುವುದನ್ನು ನೋಡುತ್ತಲೇ ಬೆಳೆದವನು, ಅದು ಬಸವನಹುಳುವಿಗೆ ವಿಷ ಅಂತ ಚೆನ್ನಾಗಿ ಗೊತ್ತಿದ್ದವನು, ಬಾಟಲಿ ಮಾತ್ರ ಓದಲಿಲ್ಲ. ಮೀನು ತಡೆದುಕೊಳ್ಳುವಷ್ಟು ತಾಮ್ರವನ್ನು ಹುಳು ತಡೆಯುವುದಿಲ್ಲ. ಟಬ್ ತೊಳೆದು, ಅದೇ ಮರಳು ಹಾಕಿ ಹೊಸ ಹುಳು ಬಿಟ್ಟೆ, ಅವೂ ಹೋದವು. ಮರಳಿನಲ್ಲಿ ತಾಮ್ರ ಉಳಿದಿತ್ತೇನೋ. ಹಾಗಾಗಿ ಔಷಧಿ ಹಾಕಿದ ಟ್ಯಾಂಕಿನ ನೀರು, ಬಲೆ, ಬಕೆಟ್, ಪೈಪು ಯಾವುದೂ ಟಬ್ಬಿನ ಹತ್ತಿರ ಬರಬಾರದು.

ಅಷ್ಟರಲ್ಲಿ ಒಂದು ಪಫರ್ ಬೇರೇನೂ ತಿನ್ನದೆ, ಹೊಟ್ಟೆ ಬೆನ್ನಿಗಂಟಿ ಸತ್ತೇಹೋಯಿತು. ಅದಕ್ಕೇ ಹೇಳುವುದು, ಬಸವನಹುಳುವನ್ನೇ ನಂಬಿ ಪಫರ್ ಸಾಕುವ ಯೋಚನೆಯೇ ಸರಿಯಿಲ್ಲ. ಫ್ರೀಜರಿನಲ್ಲಿಟ್ಟ ಬ್ಲಡ್‌ವರ್ಮ್ (ಮೀನಿಗೆ ಹಾಕುವ ಸಣ್ಣ ಕೆಂಪು ಮರಿಹುಳು) ತಿನ್ನುವುದನ್ನು ಮೊದಲ ವಾರದಿಂದಲೇ ರೂಢಿ ಮಾಡಿಸಿ. ಬಸವನಹುಳು ಆಗಾಗ ಸಿಗಲಿ, ಸಾಕು. ಮಲೇಷಿಯನ್ ಟ್ರಂಪೆಟ್ ಜಾತಿ ಬೇಡ, ಚಿಪ್ಪು ತುಂಬಾ ಗಟ್ಟಿ.

ಕೆರೆ, ಗದ್ದೆಯ ಹುಳು ಅಂತೂ ಮುಟ್ಟಲೇಬೇಡಿ. ದನಕ್ಕೆ ಹತ್ತುವ ಪರೋಪಜೀವಿ ಹುಳುಗಳ ಮರಿ ಅದರೊಳಗೆ ಬೆಳೆಯುತ್ತವೆ. ಆ ನೀರಲ್ಲಿ ಕೈಯಿಟ್ಟರೆ ನಮಗೂ ತುರಿಕೆ ಬರುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಗಿಡ ಮಾರುವವರನ್ನು ಕೇಳಿ ನೋಡಿ. ಅವರಿಗೆ ಇದು ಕಾಟ, ಒಂದು ಮುಷ್ಟಿ ಪುಕ್ಕಟೆ ಕೊಟ್ಟು ಕಳಿಸುತ್ತಾರೆ.