ಕೆನಡಾದ ಒಂಟಾರಿಯೋದಲ್ಲಿ ಅಲ್ಪಾಕಾ (ಉಣ್ಣೆಗಾಗಿ ಸಾಕೋ, ಒಂಟೆ ಜಾತಿಯ ಪ್ರಾಣಿ) ಸಾಕಿ ಸ್ವೆಟರ್ ನೂಲು ಮಾಡಬೇಕು ಅಂತಿದ್ದೇನೆ, ತುಪ್ಪಟ ಕತ್ತರಿಸಲು ಯಾವ ಮೆಷಿನ್ ತಗೊಳ್ಳಲಿ?

ಯಾವ ಮೆಷಿನ್ನೂ ಬೇಡ. ಬೆಂಗಳೂರಿನ ಕೆಲಸ ಬಿಟ್ಟು ಗಂಡನ ಜೊತೆ ಅಲ್ಲಿಗೆ ಹೋಗೋದು, ಊರಾಚೆ ಮನೆ, ಹಿಂದೆ ಒಂದಿಷ್ಟು ಹುಲ್ಲುಗಾವಲು, ಕೈಯಲ್ಲಿ ಸದಾ ಹೆಣಿಗೆ ಕಡ್ಡಿ. ನೀವು ಬರೆದಿರೋದು ನನ್ನದೇ ಕಥೆ. ನಾನು ಬಸವನಗುಡಿಯವಳು, ಈಗ ವಾಪಸ್ ಇಲ್ಲೇ ಇದ್ದೀನಿ.

ಕತ್ತರಿಸೋಕೆ ಅಲ್ಲಿ ಕಸುಬಿನವರಿದ್ದಾರೆ. ಬೇಸಿಗೆ ಏರೋ ಮುಂಚೆ, ಮೇ-ಜೂನ್‌ನಲ್ಲಿ ಫಾರ್ಮ್‌ನಿಂದ ಫಾರ್ಮ್‌ಗೆ ಬರ್ತಾರೆ. ಪ್ರಾಣಿಯನ್ನ ಚಾಪೆ ಮೇಲೆ ಮಲಗಿಸಿ, ಮುಂಗಾಲು ಹಿಂಗಾಲಿಗೆ ಹಗ್ಗ ಹಾಕಿ ಎರಡೂ ಕಡೆ ಎಳೆದು ಹಿಡೀತಾರೆ. ಮೊದಲ ಸಲ ನೋಡಿದಾಗ ಹೊಟ್ಟೆ ಕಿವುಚಿದ ಹಾಗಾಯ್ತು, ಆದರೆ ಅದು ಒದ್ದಾಡದೆ ಇರೋದೇ ಅದಕ್ಕೆ ಕ್ಷೇಮ. ಅಲ್ಪಾಕಾದ ಚರ್ಮ ತೆಳು, ಕಲಿಯದವರ ಕೈಯಲ್ಲಿ ಬ್ಲೇಡ್ ಗಾಯ ಮಾಡುತ್ತೆ. ಒಂದೊಂದಕ್ಕೆ ಕೆಲವೇ ನಿಮಿಷ. ಅಷ್ಟರಲ್ಲೇ ಉಗುರು ಕತ್ತರಿಸಿ, ಉದ್ದ ಬೆಳೆದ ಹಲ್ಲು ತೇಯ್ದು ಸರಿಮಾಡಿ ಎಬ್ಬಿಸಿ ಬಿಡ್ತಾರೆ.

ನನಗೆ ಪೆಟ್ಟು ಬಿದ್ದದ್ದು ಆ ಕೆಲವೇ ನಿಮಿಷಗಳಲ್ಲಿ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕೆಂದ್ರೆ ಯಾರೂ ನನಗೆ ಇದನ್ನ ಬಿಡಿಸಿ ಹೇಳಿರಲಿಲ್ಲ.

ಕತ್ತರಿಸೋರು ಮೊದಲು ಬೆನ್ನು ಮತ್ತು ಪಕ್ಕೆಯ ತುಪ್ಪಟ ತೆಗೀತಾರೆ. ಅಲ್ಲಿಯವರು ಇದಕ್ಕೆ ಬ್ಲ್ಯಾಂಕೆಟ್ ಅಂತಾರೆ, ಚಿನ್ನ ಇರೋದು ಇದರಲ್ಲೇ. ಆಮೇಲೆ ಕತ್ತು. ಕೊನೆಗೆ ಕಾಲು, ಹೊಟ್ಟೆ, ಎದೆ. ಬ್ಲ್ಯಾಂಕೆಟ್, ಕತ್ತು, ಉಳಿದದ್ದು, ಈ ಮೂರಕ್ಕೂ ಬೇರೆಬೇರೆ ಚೀಲ ಬೇಕು. ನಾನು ಒಂದೇ ದೊಡ್ಡ ಚೀಲ ಹಿಡಿದು ನಿಂತಿದ್ದೆ, ಬಂದದ್ದನ್ನೆಲ್ಲಾ ಅದಕ್ಕೇ ತುಂಬಿದೆ. ಒಂದೇ ಪ್ರಾಣಿಯ ಮೈಮೇಲಿನದು ತಾನೇ, ಬಣ್ಣವೂ ಒಂದೇ, ಬೇರೆ ಯಾಕೆ ಮಾಡಬೇಕು ಅನ್ನೋದು ನನ್ನ ಲೆಕ್ಕ. ಕತ್ತರಿಸೋನ ಜೊತೆಗಿದ್ದ ಹುಡುಗಿ "ಎಲ್ಲಾ ಒಂದಕ್ಕೇನಾ?" ಅಂತ ಕೇಳಿದಳು. ಹೌದು ಅಂದೆ.

ಆ ಚೀಲ ಹಾಗೇ ಗಿರಣಿಗೆ ಹೋಯ್ತು. ತೊಳೆದರು, ಹಿಂಜಿದರು, ನೂತರು. ಲಡಿಗಳು ಬಂದಾಗ ನೋಡೋಕೆ ಅಷ್ಟು ಚೆನ್ನಾಗಿದ್ವು! ಅಮ್ಮನಿಗೆ ಅಂತ ಮೊದಲ ಸ್ವೆಟರ್ ಹೆಣೆದು ಊರಿಗೆ ಕಳಿಸಿದೆ. ಡಿಸೆಂಬರ್ ಚಳೀಲೂ ಅಮ್ಮ ಅದನ್ನ ಬಿಚ್ಚಿಟ್ಟಿದ್ದರು. "ಕತ್ತಿಗೆಲ್ಲಾ ಚುಚ್ಚುತ್ತೆ ಕಣೇ" ಅಂದರು.

ಚುಚ್ಚೋಕೆ ಕಾರಣ ಇದು. ಒಳ್ಳೆ ಬ್ಲ್ಯಾಂಕೆಟ್ ಎಳೆ ಇಪ್ಪತ್ತರಿಂದ ಇಪ್ಪತ್ತೈದು ಮೈಕ್ರಾನ್ ದಪ್ಪ ಇರುತ್ತೆ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಕಾಲು, ಹೊಟ್ಟೆ, ಎದೆ ಕಡೆ ಅದರ ಜೊತೆ ಒರಟು ನೇರ ಕೂದಲು ಸೇರಿರುತ್ತೆ, ಅದು 30 ಮೈಕ್ರಾನ್ ದಾಟುತ್ತೆ. ಸಣ್ಣ ಎಳೆಯ ತುದಿ ಚರ್ಮ ಮುಟ್ಟಿದ ಕೂಡಲೇ ಬಾಗುತ್ತೆ, ದಪ್ಪ ಎಳೆ ಬಾಗಲ್ಲ, ಚುಚ್ಚುತ್ತೆ. ನೂಲಿನಲ್ಲಿ ಅಂಥವು ನೂರಕ್ಕೆ ಐದು ಇದ್ದರೆ ಸಾಕು, ಎಷ್ಟೋ ಜನರಿಗೆ ಅದನ್ನ ಹಾಕ್ಕೊಳ್ಳೋಕಾಗಲ್ಲ. ಕಾಲಿನ ತುಪ್ಪಟ ಗಿಡ್ಡ ಬೇರೆ, ಗಿಡ್ಡ ಎಳೆ ನೂಲಿನಲ್ಲಿ ನಿಲ್ಲದೆ ಹೊರಗೆ ಬಂದು ಗಂಟು ಕಟ್ಟುತ್ತೆ. ಹಿಂಜೋ ಯಂತ್ರದ ಕೆಲಸವೇ ಎಲ್ಲವನ್ನೂ ಸಮವಾಗಿ ಬೆರೆಸೋದು. ಅಕ್ಕಿಯಲ್ಲಿರೋ ಕಲ್ಲು ಆರಿಸಬಹುದು, ಹಿಟ್ಟು ಮಾಡಿಸಿದ ಮೇಲೆ ಏನು ಆರಿಸ್ತೀರಿ? ಒರಟು ಕೂದಲು ತೆಗೆಯೋ ಯಂತ್ರ ಕೆಲವು ಗಿರಣಿಗಳಲ್ಲಿದೆ, ಆದರೆ ಅದೂ ನೂಲುವ ಮುಂಚೆ ಆಗಬೇಕು. ನಾನು ಕೊಟ್ಟ ಗಿರಣಿ ಒಳಕ್ಕೆ ಬಂದ ತೂಕಕ್ಕೆ ಹಣ ತಗೊಳ್ಳುತ್ತಿತ್ತು, ಹಾಗಾಗಿ ಹುಲ್ಲು, ಹಿಕ್ಕೆ, ಧೂಳಿಗೂ ಡಾಲರ್ ಕೊಟ್ಟೆ. ಅಲ್ಪಾಕಾ ವರ್ಷಕ್ಕೆ ಒಂದೇ ಸಲ ತುಪ್ಪಟ ಕೊಡುತ್ತೆ. ಒಂದು ವರ್ಷದ ಮೇವು, ಡಾಕ್ಟರ ಖರ್ಚು, ಮೈನಸ್ ಇಪ್ಪತ್ತರಲ್ಲಿ ಬಕೆಟ್ ನೀರಿನ ಐಸ್ ಒಡೆದದ್ದು, ಎಲ್ಲಾ ಆ ಒಂದು ಚೀಲದಲ್ಲಿತ್ತು.

ಮಾರನೇ ವರ್ಷ ಚೌಕಟ್ಟಿಗೆ ಕೋಳಿಗೂಡಿನ ಜಾಲರಿ ಹೊಡೆದು ಮೇಜು ಮಾಡಿಸಿದೆ. ಬ್ಲ್ಯಾಂಕೆಟ್ ಅದರ ಮೇಲೆ ಹರಡಿದರೆ ಧೂಳು, ಚೂರುಪಾರು ಕೆಳಗೆ ಉದುರುತ್ತೆ, ಅಂಚಿನ ಒರಟನ್ನ ಕೈಯಲ್ಲೇ ಕಿತ್ತು ತೆಗೀಬಹುದು. ಒಂದೊಂದು ತುಪ್ಪಟಕ್ಕೂ ಗಂಟೆಗಟ್ಟಲೆ ಬೇಕು. ನೂಲು ಚೆನ್ನಾಗಿ ಬರೋದು, ಕೆಡೋದು ಆ ಮೇಜಿನ ಮೇಲೆ. ನೀವು ಮೆಷಿನ್ ಬಗ್ಗೆ ಕೇಳಿದ್ದಕ್ಕೆ ನನಗೆ ಇಷ್ಟು ಚಡಪಡಿಕೆ ಅದಕ್ಕೇ.

ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗ್ತೀನಿ. ಮೊದಲ ವರ್ಷ ಪ್ರಾಣಿಯನ್ನೇ ಕೊಳ್ಳಬೇಡಿ. ನಿಮಗೆ ಬೇಕಿರೋದು ನೂಲು. ನಾನು ನೋಡಿದ ಎಷ್ಟೋ ಫಾರ್ಮ್‌ಗಳ ಕೊಟ್ಟಿಗೆಯಲ್ಲಿ ಹಳೇ ತುಪ್ಪಟದ ಚೀಲಗಳು ಹಾಗೇ ಬಿದ್ದಿದ್ವು. ಒಂದೆರಡು ಬ್ಲ್ಯಾಂಕೆಟ್ ಕೊಂಡು ಆರಿಸಿ, ನೂಲು ಮಾಡಿಸಿ, ಹೆಣೆದು ನೋಡಿ. ಅಲ್ಪಾಕಾದ ಎರಡು ಬಗೆಯಲ್ಲಿ ಹುವಾಕಾಯಾ ತಗೊಳ್ಳಿ. ಇನ್ನೊಂದು ಬಗೆ ಸೂರಿ, ಅದು ರೇಷ್ಮೆ ಥರ ಇಳಿಬೀಳುತ್ತೆ, ಶಾಲಿಗೆ ಸರಿ, ಸ್ವೆಟರ್‌ಗೆ ಅಲ್ಲ. ಹುವಾಕಾಯಾಗೂ ಕುರಿ ಉಣ್ಣೆಯ ಪುಟಿತ ಇಲ್ಲ, ತೋಳು ಜೋತುಬೀಳುತ್ತೆ. ಕಾಲು ಭಾಗ ಮೆರಿನೋ ಕುರಿಯ ಉಣ್ಣೆ ಬೆರೆಸಿ.

ಆಮೇಲೂ ಪ್ರಾಣಿ ಬೇಕೇಬೇಕು ಅನ್ನಿಸಿದರೆ ಬೀಜ ಒಡೆಸಿದ ಗಂಡು, ಕನಿಷ್ಠ ಮೂರು. ಒಂಟಿ ಅಲ್ಪಾಕಾ ಕೊರಗಿ ಸೊರಗುತ್ತೆ. ಮರಿ ಮಾರಿ ದುಡ್ಡು ಮಾಡಬಹುದು ಅನ್ನೋರ ಮಾತು ಕೇಳಬೇಡಿ. ಅಮೆರಿಕದಲ್ಲಿ ಒಂದು ಕಾಲಕ್ಕೆ ತಳಿ ಅಲ್ಪಾಕಾಗಳು ಸಾವಿರಾರು ಡಾಲರ್‌ಗೆ ಮಾರಾಟ ಆಗ್ತಿದ್ವು, 2008ರ ಆರ್ಥಿಕ ಕುಸಿತದ ನಂತರ ಆ ಬೆಲೆ ನೆಲ ಕಚ್ಚಿತು. ಚಳಿಗೆ ಹೆದರಬೇಡಿ, ಗಾಳಿ ತಡೆಯೋ ಮೂರು ಗೋಡೆಯ ಕೊಟ್ಟಿಗೆ ಸಾಕು. ಹೆದರಬೇಕಾದ್ದು ಬಿಳಿಬಾಲದ ಜಿಂಕೆಗೆ. ಅದರ ಹಿಕ್ಕೆಯಿಂದ ಬಸವನಹುಳದ ಮೂಲಕ ಬರೋ ಒಂದು ಹುಳು ಅಲ್ಪಾಕಾದ ಬೆನ್ನುಹುರಿಗೆ ಹೋದರೆ ಹಿಂಗಾಲಿನ ಸ್ವಾಧೀನ ತಪ್ಪುತ್ತೆ. ಚಳಿಗಾಲದಲ್ಲಿ ಬಿಸಿಲಿಲ್ಲದೆ ಮರಿಗಳಿಗೆ ವಿಟಮಿನ್ ಡಿ ಕೊರತೆಯೂ ಆಗುತ್ತೆ. ಎರಡಕ್ಕೂ ಅಲ್ಲಿನ ಪಶುವೈದ್ಯರನ್ನ ಮೊದಲೇ ಕಂಡುಕೊಳ್ಳಿ.

ವಾಪಸ್ ಬರುವಾಗ ಎರಡನ್ನ ದೇವನಹಳ್ಳಿ ತೋಟಕ್ಕೆ ತರಬಹುದಾ ಅಂತಲೂ ಕೇಳಿದ್ದೀರಿ. ದಯವಿಟ್ಟು ಬೇಡ. ಪೆರುವಿನ ಮೂರೂವರೆ ಸಾವಿರ ಮೀಟರ್ ಮೇಲಿನ ಬಯಲಿನ ಪ್ರಾಣಿ ಅದು, ನಮ್ಮ ಏಪ್ರಿಲ್ ಅದಕ್ಕೆ ಹಿಂಸೆ. ಉಣ್ಣೆ ಕೆಲಸದ ಮೇಲೆ ಅಷ್ಟು ಪ್ರೀತಿ ಇದ್ದರೆ ಹೊರಡೋ ಮುಂಚೆ ಚಳ್ಳಕೆರೆ ಕಡೆ ಹೋಗಿ ಬನ್ನಿ. ಅಲ್ಲಿ ದಖನಿ ಕುರಿಯ ಮೈ ತೊಳೆದು ಕತ್ತರಿಸ್ತಾರೆ, ಹೆಂಗಸರು ತುಪ್ಪಟ ಬಿಡಿಸಿ, ಹಿಂಜಿ, ರಾಟೆಯಲ್ಲಿ ನೂಲ್ತಾರೆ, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಕಂಬಳಿ ನೇಯ್ತಾರೆ. ಆ ಉಣ್ಣೆ ಒರಟು, ಸ್ವೆಟರ್‌ಗೆ ಒಗ್ಗಲ್ಲ. ಆದರೆ ಆ ಹೆಂಗಸರ ಬೆರಳು ತುಪ್ಪಟ ಮುಟ್ಟಿ ಬೇರೆ ಮಾಡೋದನ್ನ ಅರ್ಧ ದಿನ ಕೂತು ನೋಡಿ. ನಾನು ನೋಡಿದ್ದು ವಾಪಸ್ ಬಂದ ಮೇಲೆ.

ಅಲ್ಲಿ ಇಳಿದ ವಾರವೇ ಹತ್ತಿರದ ಫಾರ್ಮ್‌ಗೆ ಫೋನ್ ಮಾಡಿ, ಕತ್ತರಿಸೋ ದಿನ ಸಂಬಳವಿಲ್ಲದೆ ಸಹಾಯಕ್ಕೆ ಬರ್ತೀನಿ ಅನ್ನಿ. ಬೇಡ ಅನ್ನೋರು ಕಡಿಮೆ. ಗಿರಣಿಯಲ್ಲೂ ಆಗಲೇ ಹೆಸರು ಬರೆಸಿಡಿ, ಸರದಿ ಬರೋಕೆ ತಿಂಗಳುಗಳೇ ಹಿಡಿಯುತ್ತೆ.