ಕೆರೆ ಅಂಚಿಗೆ ಬಜೆ: ಬೇಸಿಗೆಯ ನೀರು ನೋಡಿ ನೆಡಿ

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಮೂಡಿಗೆರೆಯ ನಿಮ್ಮ ತೋಟದ ಕೆರೆ ಸುತ್ತ ಹೋದ ಅಕ್ಟೋಬರ್‌ನಲ್ಲಿ 40 ಬಜೆ ಗಡ್ಡೆ ನೆಟ್ಟಿರಿ, ಮಾರ್ಚ್ ಹೊತ್ತಿಗೆ ಬಹಳಷ್ಟು ಒಣಗಿದವು, ಉಳಿದ ಐದಾರು ಜುಲೈ ಮಳೆಗೆ ಮುಳುಗಿ ಕೊಳೆತವು ಅಂದಿರಿ. ಗಡ್ಡೆಯಲ್ಲಿ ದೋಷ ಇರಲಿಕ್ಕಿಲ್ಲ, ನೆಟ್ಟ ಜಾಗ ತಪ್ಪಿದೆ. ಸಕಲೇಶಪುರದ ನಮ್ಮ ತೋಟದಲ್ಲೂ ಮೊದಲ ವರ್ಷ ಹೀಗೇ ಆಯ್ತು. ಬೇಜಾರಾಗಬೇಡಿ.

ನಮ್ಮ ಕಡೆ ತೋಟದ ಕೆರೆಗೆ ಎರಡು ಅಂಚು ಇರುತ್ತವೆ, ಅಲ್ವಾ? ಮಳೆಗಾಲದಲ್ಲಿ ಕೋಡಿ ಬೀಳುವಾಗಿನದು ಒಂದು. ಕಾಫಿ ಹೂ ಅರಳಲು ಬೇಕಾದ ಹೂಮಳೆ ಬಾರದೆ ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದ ಮೇಲೆ ಕಾಣುವುದು ಇನ್ನೊಂದು. ನಾಲ್ಕು ದಿನ ಮೋಟಾರ್ ಓಡಿತು ಅಂದರೆ ನೀರು ಎಲ್ಲಿಗೋ ಇಳಿದಿರುತ್ತದೆ. ಅಕ್ಟೋಬರ್‌ನಲ್ಲಿ ನೀವು ಬಹಳಷ್ಟು ನೆಟ್ಟಿದ್ದು ಮೇಲಿನ ಅಂಚಿಗೆ, ಕೆಳಗೆ ಒದ್ದೆಯಲ್ಲಿದ್ದ ಐದಾರು ಮಳೆ ನೀರು ಏರಿದಾಗ ಮುಳುಗಿರಬೇಕು. ಬಜೆಗೆ ವರ್ಷವಿಡೀ ಬುಡ ಒದ್ದೆಯಾಗಿರಬೇಕು. ನೆಲ ಬಿರುಕು ಬಿಟ್ಟರೆ ಎಳೆ ಗಡ್ಡೆ ಉಳಿಯುವುದಿಲ್ಲ.

ಈ ಸಲ ಸ್ಪ್ರಿಂಕ್ಲರ್ ಕೆಲಸ ಮುಗಿದ ಮೇಲೆ ಕೆರೆಗೆ ಇಳಿದು, ನೀರು ನಿಂತ ಅಂಚಿಗೆ ಒಂದು ಬಿದಿರಿನ ಗೂಟ ಹೊಡೆಯಿರಿ. ಮಳೆಗಾಲದಲ್ಲಿ ಆ ಜಾಗದಲ್ಲಿ ಒಂದು ಅಡಿ ಒಳಗೆ ನೀರು ನಿಲ್ಲುತ್ತದೆ ಅಂತಾದರೆ ಅಲ್ಲೇ ನೆಡಿ. ಮಳೆ ಹಿಡಿಯುವಷ್ಟರಲ್ಲಿ ಎಲೆ ಎದ್ದು ನಿಂತಿರುತ್ತದೆ, ಮುಳುಗುವ ಭಯ ಇಲ್ಲ. ಅದಕ್ಕಿಂತ ಜಾಸ್ತಿ ನೀರು ಬರುತ್ತದೆ ಅಂದರೆ ಕೆರೆ ಅಂಚಿನ ಆಸೆ ಬಿಟ್ಟುಬಿಡಿ. ನಮ್ಮ ಕೆರೆಯಲ್ಲಿ ಐದು ಅಡಿ ಏರಿಳಿತ. ಅದಕ್ಕೇ ನಾನು ಕೋಡಿ ಪಕ್ಕದಲ್ಲಿ ಜೌಗು ಗುಂಡಿ ಮಾಡಿದೆ.

ಗುಂಡಿ ಮಾಡುವುದು ಕಷ್ಟ ಇಲ್ಲ. ಆರು ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳ. ತಳಕ್ಕೆ ಹಳೆ ಟಾರ್ಪಾಲ್ ಹಾಸಿ, ಅಲ್ಲಲ್ಲಿ ನಾಲ್ಕೈದು ತೂತು ಮಾಡಿ. ತೂತು ಇಲ್ಲದಿದ್ದರೆ ನೀರು ಹಳಸಿ ವಾಸನೆ ಬರುತ್ತದೆ. ಕೆರೆ ಗೋಡು, ಅಂದರೆ ಹೂಳು ಮಣ್ಣು, ತುಂಬಿ, ಎರಡು ಬುಟ್ಟಿ ಹಳೆ ಕೊಟ್ಟಿಗೆ ಗೊಬ್ಬರ ಕಲಸಿ. ಹಸಿ ಸಗಣಿ ಮಾತ್ರ ಬೇಡ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಪೈಪ್ ಬಿಟ್ಟರೆ ಸಾಕು. ಕಾಲಿಟ್ಟರೆ ಪಚಕ್ ಅನ್ನಬೇಕು, ಅಷ್ಟೇ ಒದ್ದೆ. ನೀರು ಮೇಲೆ ನಿಲ್ಲದ ಕಾರಣ ಸೊಳ್ಳೆಯೂ ಆಗುವುದಿಲ್ಲ. ಬಚ್ಚಲ ನೀರು ಬಿಡಬೇಡಿ. ಔಷಧಿಗೆ ತೆಗೆಯುವ ಗಡ್ಡೆ ಸೋಪು ನೀರಲ್ಲಿ ಬೆಳೆಯುವುದು ಸರಿಯಲ್ಲ.

ನೆಡುವ ಗಡ್ಡೆ ಬೆರಳು ದಪ್ಪ ಇರಲಿ. ಮೇಲೆ ಬಳೆ ಹಾಕಿದ ಹಾಗೆ ಎಲೆ ಉದುರಿದ ಗುರುತು, ಕೆಳಗೆ ದಾರದಂಥ ಬೇರು. ಎರಡು ಮೂರು ಕಣ್ಣು ಬರುವ ಹಾಗೆ ಎರಡು ಇಂಚಿನ ತುಂಡು ಮಾಡಿ. ಕೊಯ್ದ ಕೂಡಲೇ ಒಳಗೆ ಬೆಳ್ಳಗೆ ಕಾಣುತ್ತದೆ, ಕೈಗೆಲ್ಲ ಪರಿಮಳ ಹತ್ತುತ್ತದೆ. ಎಲೆಯನ್ನು ಒಂದು ಗೇಣು ಬಿಟ್ಟು ಕತ್ತರಿಸಿ. ತುಂಡನ್ನು ಮಲಗಿಸಿ ಎರಡು ಇಂಚು ಕೆಸರಿನಲ್ಲಿ ಹೂಳಿ, ಚಿಗುರಿನ ತುದಿ ಹೊರಗೆ ಇರಲಿ. ಮೇಲೊಂದು ಕಲ್ಲು ಇಟ್ಟರೆ ತೇಲಿ ಹೋಗುವುದಿಲ್ಲ. ಒಂದೊಂದು ಅಡಿ ಅಂತರ ಕೊಡಿ. ತುಮಕೂರಿನ ಕೊರಟಗೆರೆ ಕಡೆ ಭತ್ತದ ಗದ್ದೆಯ ಹಾಗೆ ನೀರು ಕಟ್ಟಿ ಬೆಳೆಯುವವರೂ ಹೆಚ್ಚುಕಡಿಮೆ ಇಷ್ಟೇ ಅಂತರ ಕೊಡುತ್ತಾರೆ.

ಗಿಡ ತರುವಾಗ ಹುಷಾರು. ಒಂದು ನರ್ಸರಿಯಲ್ಲಿ ಬಜೆ ಅಂತ ನನಗೆ ಕೊಟ್ಟಿದ್ದು ಜೊಂಡು. ಅದನ್ನು ಕಿತ್ತು ಮುಗಿಸಲು ಎರಡು ಬೇಸಿಗೆ ಹಿಡಿಯಿತು. ಬಜೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ನಡುವಿನ ದಿಂಡು ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ, ಎಷ್ಟೋ ಎಲೆಗಳಲ್ಲಿ ಒಂದು ಅಂಚು ನೆರಿಗೆ ಹಿಡಿದಂತಿರುತ್ತದೆ. ಹಿಸುಕಿದರೆ ಘಂ ಅನ್ನಬೇಕು. ಜೊಂಡಿಗೆ ಆ ಪರಿಮಳ ಇಲ್ಲವೇ ಇಲ್ಲ. ಬೀಜಕ್ಕೆ ಕಾಯಬೇಡಿ, ನಮ್ಮಲ್ಲಿಯ ಬಜೆ ಬೀಜ ಕಟ್ಟುವುದು ಅಪರೂಪ. ಗಡ್ಡೆಯಿಂದಲೇ ಹಬ್ಬುತ್ತದೆ. ಬಜೆಯ ಮುಂದೆ ಒಂದು ಸಾಲು ಒಂದೆಲಗ ನೆಟ್ಟರೆ ಖಾಲಿ ನೆಲ ಮುಚ್ಚಿಕೊಂಡು ಕಳೆ ಕಡಿಮೆ ಆಗುತ್ತದೆ, ಚಟ್ನಿಗೂ ಆಯ್ತು.

ಎಂಟು ಹತ್ತು ತಿಂಗಳಿಗೆ ಎಲೆ ಹಳದಿಯಾಗಿ ಒಣಗಲು ಶುರುವಾದಾಗ ಗಡ್ಡೆ ಕೀಳಬಹುದು. ನಾನು ಅರ್ಧ ಕಿತ್ತು ಅರ್ಧ ಬಿಡುತ್ತೇನೆ. ಒಣಗಿಸಿದ ತುಂಡನ್ನು ಕಾಳಿನ ಡಬ್ಬಿಗೆ ಹಾಕಿದರೆ ಹುಳ ಕಡಿಮೆ.

ಮೊಮ್ಮಗುವಿಗೆ ತೇಯ್ದು ಹಾಕಲು ಅಂತಲೂ ಬರೆದಿದ್ದಿರಿ. ನಮ್ಮ ಅಮ್ಮನೂ ನಮಗೆಲ್ಲ ಹಾಕಿದವರೇ. ಆದರೂ ಈಗ ನಾನು ಬೇಡ ಅನ್ನುತ್ತೇನೆ. ಬಜೆಯಲ್ಲಿ ಬೀಟಾ ಅಸರೋನ್ ಅನ್ನುವ ಅಂಶ ಇದೆ. ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಬಜೆ ಎಣ್ಣೆಯಿಂದ ಕ್ಯಾನ್ಸರ್ ಗಡ್ಡೆ ಕಂಡ ಮೇಲೆ ಅಮೆರಿಕದಲ್ಲಿ 1968ರಲ್ಲಿ ಅದನ್ನು ಆಹಾರಕ್ಕೆ ಸೇರಿಸುವುದನ್ನೇ ನಿಷೇಧಿಸಿದರು. ಮಕ್ಕಳ ಡಾಕ್ಟರ್‌ನ ಕೇಳದೆ ಕೊಡಬೇಡಿ ಅಕ್ಕಾ.

ಗಡ್ಡೆ ಬೇಕಿದ್ದರೆ ನಮ್ಮ ಗುಂಡಿಯಲ್ಲಿ ಬೇಕಾದಷ್ಟಿದೆ. ಮಾರ್ಚ್ ಕೊನೆಗೆ ಈ ಕಡೆ ಬಂದರೆ ಒದ್ದೆ ಗೋಣಿಯಲ್ಲಿ ಸುತ್ತಿ ಕೊಡುತ್ತೇನೆ. ಅಷ್ಟರೊಳಗೆ ಗೂಟ ಹೊಡೆದಿರಿ.